ಆಟಿ ಕಳೆಯಲಿ ಎಂದವರ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನಾನು ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಂಗಳೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಸಂಶೋಧನೆಯ ಫಾರಂ ತುಂಬಿಸುವುದು ನನ್ನ ಕೆಲಸ. ರೋಗಿಯ ವಯಸ್ಸು, ರೋಗದ ಹಂತ, ಗಡ್ಡೆಯ ಅಳತೆ, ಹಿಮೋಗ್ಲೋಬಿನ್, ಕೊಟ್ಟ ಔಷಧ, ಕೊಟ್ಟ ದಿನಾಂಕ, ಹೀಗೆ ಒಂದೊಂದೇ ಖಾನೆ. ಚಿಕಿತ್ಸೆ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ಮನೆಗೆ ಫೋನು ಮಾಡಿ ವಿಚಾರಿಸುವುದೂ ನನ್ನದೇ. "ಅಮ್ಮ ಹೇಗಿದ್ದಾರೆ?" ಎಂದು ಕೇಳಿದ ಮೇಲೆ ಆ ಕಡೆಯವರು ಉಸಿರು ಎಳೆದುಕೊಳ್ಳುವ ರೀತಿಯಲ್ಲೇ ಉತ್ತರ ಗೊತ್ತಾಗುತ್ತದೆ. ಹನ್ನೊಂದು ವರ್ಷ ಈ ಕೆಲಸ ಮಾಡಿದ ಮೇಲೂ ಆ ಎರಡು ಕ್ಷಣ ನನಗೆ ಅಭ್ಯಾಸವಾಗಿಲ್ಲ.

ಸಂಶೋಧನೆ ಎಂದ ಕೂಡಲೇ ನಮ್ಮ ಜನ ಹೆದರುತ್ತಾರೆ. "ನಮ್ಮ ಮೇಲೆ ಪ್ರಯೋಗವಾ ಅಮ್ಮ?" ಎನ್ನುತ್ತಾರೆ. ಹೊಸ ಔಷಧದ ಪರೀಕ್ಷೆಗಳಿಗೆ ರೋಗಿಯ ಸಹಿ ಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು. 2009ರಿಂದ ಅವುಗಳನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದೂ ಕಡ್ಡಾಯ. ಆದರೆ ನಾನು ಮಾಡುವುದರಲ್ಲಿ ಹೆಚ್ಚಿನದು ಔಷಧದ ಪ್ರಯೋಗವೇ ಅಲ್ಲ, ನೋಡಿ ಬರೆದಿಡುವ ಕೆಲಸ. ಒಂದೇ ರೋಗ, ಒಂದೇ ಹಂತ, ಒಂದೇ ಡಾಕ್ಟರು, ಒಂದೇ ಔಷಧ. ಒಬ್ಬರು ಐದು ವರ್ಷದ ನಂತರ ಮಗಳ ಮದುವೆಯ ಕಾಗದ ಹಿಡಿದುಕೊಂಡು ಬರುತ್ತಾರೆ, ಇನ್ನೊಬ್ಬರು ಒಂದು ವರ್ಷ ದಾಟುವುದಿಲ್ಲ. ಏಕೆ? ಈ ಪ್ರಶ್ನೆಗೆ ಸಾವಿರಾರು ಫಾರಂಗಳನ್ನು ಒಟ್ಟಿಗೆ ಇಟ್ಟು ಉತ್ತರ ಹುಡುಕುವುದೇ ನಮ್ಮ ಸಂಶೋಧನೆ.

ಮೊದಲ ಉತ್ತರ ನಿಮಗೂ ಗೊತ್ತು: ರೋಗದ ಹಂತ. ಬೇಗ ಗೊತ್ತಾದರೆ ಒಳ್ಳೆಯದು, ಹರಡಿದ ಮೇಲೆ ಕಷ್ಟ. ಎರಡನೆಯದು ಗಡ್ಡೆಯ ಸ್ವಭಾವ. ಸೂಕ್ಷ್ಮದರ್ಶಕದ ಕೆಳಗೆ ಕಾಣುವಂಥದ್ದು. ಮೂರನೆಯದನ್ನು ಕೇಳಿದರೆ ನಗು ಬಂದೀತು: ಮನುಷ್ಯ ಎಷ್ಟು ಓಡಾಡುತ್ತಾನೆ ಎಂಬುದು. ಇದಕ್ಕೆ ಸೊನ್ನೆಯಿಂದ ಐದರವರೆಗಿನ ಒಂದು ಅಳತೆಗೋಲು ಇದೆ. ಸೊನ್ನೆ ಎಂದರೆ ಮೊದಲಿನಂತೆಯೇ ದುಡಿಯುತ್ತಾನೆ, ನಾಲ್ಕು ಎಂದರೆ ಹಾಸಿಗೆ ಬಿಟ್ಟು ಏಳುವುದಿಲ್ಲ, ಐದು ಎಂದರೆ ಆತ ಇನ್ನಿಲ್ಲ. ನಮ್ಮ ಒಬ್ಬ ಹಿರಿಯ ಡಾಕ್ಟರು ಇದನ್ನು ಒಂದೇ ಪ್ರಶ್ನೆಯಲ್ಲಿ ಅಳೆಯುತ್ತಾರೆ. "ತೋಟಕ್ಕೆ ಹೋಗಿ ಅಡಿಕೆ ಹೆಕ್ಕುತ್ತೀರಾ, ಅಥವಾ ಚಾವಡಿಯಲ್ಲಿ ಕುಳಿತು ಹೆಕ್ಕಿಸುತ್ತೀರಾ?" ಎಷ್ಟೋ ದುಬಾರಿ ಪರೀಕ್ಷೆಗಳು ಹೇಳದ್ದನ್ನು ಈ ಒಂದು ಅಂಕಿ ಹೇಳುತ್ತದೆ.

ಇವೆಲ್ಲ ಫಾರಮಿನ ಮೊದಲ ಪುಟದಲ್ಲಿವೆ. ನಾನು ಇವತ್ತು ಹೇಳಹೊರಟದ್ದು ಕೊನೆಯ ಪುಟದ ಒಂದು ಸಣ್ಣ ಖಾನೆಯ ವಿಷಯ. "ಚಿಕಿತ್ಸೆ ಅಪೂರ್ಣವಾಗಿದ್ದರೆ ಅಥವಾ ನಡುವೆ ನಿಂತಿದ್ದರೆ ಕಾರಣ." ಈ ಖಾನೆಯಲ್ಲಿ ನಾನು ಬಹಳ ವರ್ಷ ಒಂದೇ ಪದ ಬರೆಯುತ್ತಿದ್ದೆ: ಡಿಫಾಲ್ಟರ್. ನನಗಿಂತ ಮೊದಲಿದ್ದವರೂ ಅದನ್ನೇ ಬರೆಯುತ್ತಿದ್ದರು. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳನ್ನು ಹೆತ್ತ ಈ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಆ ಪದದ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಾಲ ತೀರಿಸದೆ ತಲೆ ತಪ್ಪಿಸಿಕೊಂಡವನು. ಗಂಟಲಲ್ಲಿ ಹುಣ್ಣು ತುಂಬಿ ನೀರು ಕುಡಿಯಲಾರದೆ ಮನೆಯಲ್ಲಿ ಮಲಗಿದವರ ಹೆಸರಿನ ಮುಂದೆ ನಾನು ಆ ಪದವನ್ನು ಬರೆಯುತ್ತಿದ್ದೆ.

ಒಂದು ಮಳೆಗಾಲ. ಚಾರ್ಮಾಡಿ ಘಾಟಿಯ ಬುಡದ ಹಳ್ಳಿಯೊಂದರ ಹೆಂಗಸು, ಅರವತ್ತರ ಆಸುಪಾಸು, ಗಂಟಲ ಕ್ಯಾನ್ಸರು. ಮೂವತ್ತೈದು ಕರೆಂಟು ಬರೆದಿದ್ದರು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಕರೆಂಟು ಎನ್ನುತ್ತಾರೆ. ತಂತಿಯಲ್ಲಿ ಹರಿಯುವ ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತಿದ್ದುವುದನ್ನು ನಾನು ಬಿಟ್ಟು ವರ್ಷಗಳಾದವು. ಸೋಮವಾರದಿಂದ ಶುಕ್ರವಾರ, ದಿನಕ್ಕೊಂದರಂತೆ ಏಳು ವಾರ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ಸಂಕ, ಅಂದರೆ ಹಳ್ಳದ ಕಾಲುಸೇತುವೆ, ದಾಟಿ, ಜೀಪು ಹಿಡಿದು ಉಜಿರೆಗೆ, ಅಲ್ಲಿಂದ ಬಸ್ಸಿನಲ್ಲಿ ಮಂಗಳೂರಿಗೆ. ಯಂತ್ರದ ಕೆಳಗೆ ಹತ್ತು ನಿಮಿಷ. ಮತ್ತೆ ಅದೇ ದಾರಿ. ಇಪ್ಪತ್ತೊಂದು ಕರೆಂಟಾದ ಮೇಲೆ ಅವರು ಬರಲಿಲ್ಲ. ಒಂಬತ್ತು ದಿನ.

ಆ ಒಂಬತ್ತು ದಿನಕ್ಕೆ ಬೆಲೆ ಎಷ್ಟು? ಇದಕ್ಕೆ ಲೆಕ್ಕವಿದೆ. 1988ರಲ್ಲಿ ವಿದರ್ಸ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಗಂಟಲು ಭಾಗದ ಕ್ಯಾನ್ಸರ್ ರೋಗಿಗಳ ಹಳೆಯ ದಾಖಲೆಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದರು. ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರ ಕಳೆಯುವ ಹೊತ್ತಿಗೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಕಡಿದ ಕಳೆ ಮಳೆ ಬಿದ್ದ ಮೇಲೆ ಚಿಗುರುವುದನ್ನು ನೀವು ನೋಡಿದ್ದೀರಿ, ಹಾಗೆ. ಆಮೇಲಿನ ಪ್ರತಿ ದಿನದ ತಡಕ್ಕೆ ಸರಿದೂಗಿಸಲು ಸುಮಾರು 0.6 ಗ್ರೇ ವಿಕಿರಣ ಹೆಚ್ಚು ಬೇಕು ಎಂದು ಅವರು ಲೆಕ್ಕ ಹಾಕಿದರು. ಗ್ರೇ ಎಂದರೆ ವಿಕಿರಣದ ಅಳತೆ. ಒಂದು ದಿನದ ಕರೆಂಟಿನಲ್ಲಿ ಸಾಮಾನ್ಯವಾಗಿ ಎರಡು ಗ್ರೇ ಇರುತ್ತದೆ. ಅಂದರೆ ಮೂರು ದಿನ ತಪ್ಪಿದರೆ ಹೆಚ್ಚುಕಡಿಮೆ ಒಂದು ಕರೆಂಟು ಹೊಳೆಗೆ ಹೋಯಿತು. ಒಂಬತ್ತು ದಿನಕ್ಕೆ ಮೂರು. ಬೆಳಿಗ್ಗೆ ಐದಕ್ಕೆ ಎದ್ದು ಬಂದ ಮೂರು ದಿನಗಳ ದುಡಿಮೆ.

ಫೋನು ಮಾಡಿದೆ. ಸೊಸೆ ಎತ್ತಿ ಅತ್ತೆಗೆ ಕೊಟ್ಟಳು. "ಗಂಜಿಯ ತಿಳಿ ಸಹ ಇಳಿಯುವುದಿಲ್ಲ ಅಮ್ಮ. ಬಸ್ಸಿನಲ್ಲಿ ಕುಳಿತರೆ ಕಣ್ಣು ಕತ್ತಲೆ ಬರುತ್ತದೆ. ನಾಳೆ ಹೋಗುವ, ನಾಳೆ ಹೋಗುವ ಎಂದು ದಿನವೂ ಎಣಿಸಿದೆ. ಈಗ ಸಂಕದ ಮೇಲೆ ನೀರು." ಮೀನು ನಂಜು, ಮೊಟ್ಟೆ ಉಷ್ಣ, ಮೊಸರು ಶೀತ ಎಂದು ನೆಂಟರು ಒಂದೊಂದನ್ನೇ ನಿಲ್ಲಿಸಿದ್ದರು. ಉಳಿದದ್ದು ಗಂಜಿ ಮಾತ್ರ. ಐದು ವಾರದಲ್ಲಿ ಆರು ಕಿಲೋ ಇಳಿದಿದ್ದರು. ಕರೆಂಟಿನ ಹೊತ್ತಿಗೆ ಮುಖ ಅಲ್ಲಾಡದಂತೆ ಒಂದು ಪ್ಲಾಸ್ಟಿಕ್ ಮುಖವಾಡವನ್ನು ಅಚ್ಚು ಹಾಕಿ ಮಾಡಿರುತ್ತಾರೆ. ಅವರು ಮರಳಿ ಬಂದಾಗ ಅದು ಸಡಿಲವಾಗಿ, ಹೊಸದು ಮಾಡಿ, ಲೆಕ್ಕವನ್ನೂ ಮತ್ತೆ ಹಾಕಬೇಕಾಯಿತು. ಪಥ್ಯ ಹೇಳಿದ ನೆಂಟರ ಮೇಲೆ ನನಗೆ ಸಿಟ್ಟಿಲ್ಲ. ಏನು ತಿನ್ನಬೇಕು ಎಂದು ಆಸ್ಪತ್ರೆಯಲ್ಲಿ ನಾವು ಹೇಳಿದ್ದು ಎರಡು ನಿಮಿಷ. ಮನೆಯಲ್ಲಿ ಅವರು ಹೇಳಿದ್ದು ಐದು ವಾರ.

ಅಂದು ಆ ಖಾನೆಯಲ್ಲಿ ಮೊದಲ ಬಾರಿಗೆ ಡಿಫಾಲ್ಟರ್ ಎಂದು ಬರೆಯದೆ "ಬಾಯಿಹುಣ್ಣು, ಊಟವಿಲ್ಲ, ಸಂಕ" ಎಂದು ಬರೆದೆ. ಆಮೇಲೆ ಎಲ್ಲರನ್ನೂ ಕೇಳತೊಡಗಿದೆ. ತೋಟಕ್ಕೆ ಮದ್ದು ಬಿಡಲು ಆಳು ಸಿಕ್ಕಿದ್ದು ಆ ವಾರವೇ. ಮಗನ ರಜೆ ಮುಗಿದು ವಿಮಾನ ಹತ್ತಿದ. ಗಡ್ಡೆ ಕರಗಿತು, ಇನ್ನೇಕೆ ಎನಿಸಿತು. ಆಯುಷ್ಮಾನ್ ಕಾರ್ಡು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಕೊಡಿಸುತ್ತದೆ, ನಿಜ. ಆದರೆ ಜೊತೆಗೆ ಬಂದವನ ದಿನಗೂಲಿ ಅದರಲ್ಲಿ ಬರುವುದಿಲ್ಲ. 2023ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಒಳಹಳ್ಳಿಗಳಿಗೆ ಹೋಗುವ ನಮ್ಮ ಖಾಸಗಿ ಬಸ್ಸಿನಲ್ಲಿ ಟಿಕೆಟುಂಟು.

ಮತ್ತು ಆಟಿ. ಆಷಾಢದ ಆಸುಪಾಸಿನ ಈ ತುಳು ತಿಂಗಳಲ್ಲಿ ಹೊಸದನ್ನು ಏನೂ ಶುರು ಮಾಡುವುದಿಲ್ಲ ಎಂಬುದು ನಮ್ಮ ವಾಡಿಕೆ. ಹಾಲೆ ಮರದ ಕೆತ್ತೆಯ ಕಷಾಯ ಕುಡಿದು, ರೋಗ ಓಡಿಸಲು ಬರುವ ಆಟಿ ಕಳೆಂಜನಿಗೆ ಅಕ್ಕಿ ಕಾಯಿ ಕೊಟ್ಟು ಕಳಿಸುವ ತಿಂಗಳು ಅದು. ಜುಲೈ ಬಂತೆಂದರೆ ಆಪರೇಷನ್ನಿನ ದಿನ ಬರೆಸಲು ಬಂದವರು ಮೆಲ್ಲಗೆ ಹೇಳುತ್ತಾರೆ: "ಆಟಿ ಕಳೆಯಲಿ." ಒಬ್ಬ ಅಣ್ಣ ಬಾಯಿಯ ಕ್ಯಾನ್ಸರಿಗೆ ಹೀಗೆಯೇ ಹೇಳಿ ಹೋದವರು ಆಟಿಯ ಮರುತಿಂಗಳಾದ ಸೋಣದಲ್ಲಿ ಬಂದರು. ಕತ್ತಿನಲ್ಲಿ ಹೊಸ ಗಂಟು ಬಂದಿತ್ತು. ನನ್ನ ಅಜ್ಜಿ ಬದುಕಿದ್ದರೆ ಅವರ ಪರವಾಗಿಯೇ ಮಾತನಾಡುತ್ತಿದ್ದರು. ಆದ್ದರಿಂದ ನಾನು ಆಟಿಯನ್ನು ಹೀಯಾಳಿಸುವುದಿಲ್ಲ. ಆದರೆ ಒಂದು ಆಟಿ ಎಂದರೆ ನಾಲ್ಕು ವಾರಕ್ಕೂ ಸ್ವಲ್ಪ ಹೆಚ್ಚು. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಏಳು ಬಗೆಯ ಕ್ಯಾನ್ಸರುಗಳ ಹತ್ತು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ನೋಡಿ ಹೇಳಿದ್ದು ಇದೇ ನಾಲ್ಕು ವಾರದ ಲೆಕ್ಕ: ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇಕಡಾ 6ರಿಂದ 8ರಷ್ಟು ಏರುತ್ತದೆ. ನೂರು ಜನರಲ್ಲಿ ಆರು ಜನ ಹೆಚ್ಚು ಸಾಯುತ್ತಾರೆ ಎಂದು ಅರ್ಥವಲ್ಲ. ಇದ್ದ ಅಪಾಯಕ್ಕೆ ಅದರದೇ ನೂರರಲ್ಲಿ ಆರೆಂಟು ಪಾಲು ಬಡ್ಡಿ ಸೇರುತ್ತದೆ. ಬ್ಯಾಂಕಿನ ಊರಿನವರಿಗೆ ಬಡ್ಡಿಯ ಮಾತು ಬೇಗ ತಿಳಿದೀತು.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನನ್ನ ಕೆಲಸಕ್ಕೆ ಅನ್ಯಾಯ. ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ. "ಆರು ಕಿಮೊ ಪೂರ್ತಿ ಮಾಡಿದವರು ಹೆಚ್ಚು ಕಾಲ ಬದುಕಿದರು" ಎಂದು ಒಂದು ಪಟ್ಟಿ ಹೇಳಿತು ಎನ್ನಿ. ಬೆಳ್ತಂಗಡಿಯ ಗಡಾಯಿಕಲ್ಲಿನ ಸಾವಿರಕ್ಕೂ ಮೀರಿದ ಮೆಟ್ಟಿಲು ಹತ್ತಿ, ತುದಿಯಲ್ಲಿ ನಿಂತವರ ಮೊಣಕಾಲು ಪರೀಕ್ಷಿಸಿ, "ಗುಡ್ಡ ಹತ್ತಿದರೆ ಗಂಟುನೋವು ಬರುವುದಿಲ್ಲ" ಎಂದ ಹಾಗೆ ಅದು. ನೋವಿದ್ದವರು ಕೆಳಗೆ ಸೋಡ ಕುಡಿಯುತ್ತಾ ಕುಳಿತಿದ್ದಾರಲ್ಲ! ಆರನೆಯ ಕಿಮೊದವರೆಗೆ ಬದುಕಿದ್ದರೆ ತಾನೇ ಅದನ್ನು ಪೂರ್ತಿ ಮಾಡುವುದು.

ರಕ್ತದ ಕಥೆ ಇನ್ನೂ ಕಠಿಣ. ಹಿಮೋಗ್ಲೋಬಿನ್ ಕಡಿಮೆಯಿದ್ದ ರೋಗಿಗಳಿಗೆ ಕರೆಂಟು ಚೆನ್ನಾಗಿ ಹಿಡಿಯುವುದಿಲ್ಲ ಎಂಬುದು ಹಳೆಯ ಅನುಭವ. ಹಾಗಾದರೆ ರಕ್ತ ಏರಿಸುವ ಎಪೋಯೆಟಿನ್ ಚುಚ್ಚುಮದ್ದು ಕೊಟ್ಟರೆ ಆಯಿತಲ್ಲ? ತಲೆ ಮತ್ತು ಕತ್ತಿನ ಕ್ಯಾನ್ಸರಿನ 351 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಚುಚ್ಚುಮದ್ದು, ಉಳಿದವರಿಗೆ ಅದೇ ರೀತಿ ಕಾಣುವ ಬರಿಯ ದ್ರವ. ರಕ್ತ ಏರಿತು. ಆದರೆ ಚುಚ್ಚುಮದ್ದು ಪಡೆದವರಲ್ಲೇ ರೋಗ ಹೆಚ್ಚು ಮರುಕಳಿಸಿತು. ಮುಂಗಾರಿನ ಮೊದಲ ಮಳೆಗೆ ಮುನ್ನ ದೀಪದ ಸುತ್ತ ಹಾತೆ ಮುತ್ತುತ್ತವೆ. ಹಾತೆಯನ್ನು ಗುಡಿಸಿ ಹಾಕಿದರೆ ಮಳೆ ನಿಲ್ಲುವುದಿಲ್ಲ. ಗುಡಿಸಲು ಹೋಗಿ ದೀಪವನ್ನೇ ಕೆಡವಿದ ಕಥೆ ಇದು. ಚುಚ್ಚುಮದ್ದಿನ ಆ ಪರೀಕ್ಷೆ ಆಗದೆ ಇದ್ದಿದ್ದರೆ ಒಳ್ಳೆಯ ಮನಸ್ಸಿನ ಡಾಕ್ಟರುಗಳು ಅದನ್ನೇ ಕೊಡುತ್ತಾ ಹೋಗುತ್ತಿದ್ದರು. ಸಂಶೋಧನೆಯ ಫಾರಂ ತುಂಬಿಸುವುದರಲ್ಲಿ ನನಗೆ ಬೇಸರ ಬಂದ ದಿನಗಳಲ್ಲಿ ಈ 351 ಜನರನ್ನು ನೆನೆಯುತ್ತೇನೆ.

ಬೀಡಿಯ ಮಾತೂ ಬರಬೇಕು. ನನ್ನ ನಾಲಿಗೆ ಅಲ್ಲಿ ಸ್ವಲ್ಪ ತೊಡರುತ್ತದೆ, ಏಕೆಂದರೆ ನನ್ನ ಕಾಲೇಜಿನ ಫೀಸು ಅಮ್ಮ ಕಟ್ಟಿದ ಬೀಡಿಯ ಹಣ. ಈ ಜಿಲ್ಲೆಯಲ್ಲಿ ಅಂಥವರು ನಾನೊಬ್ಬಳೇ ಅಲ್ಲ. ಕೆನಡಾದಲ್ಲಿ 115 ರೋಗಿಗಳನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕರೆಂಟಿನ ದಿನಗಳಲ್ಲೂ ಧೂಮಪಾನ ಬಿಡದವರಲ್ಲಿ ಶೇಕಡಾ 45 ಜನರ ಗಡ್ಡೆ ಪೂರ್ತಿ ಕರಗಿತು. ಉಳಿದವರಲ್ಲಿ ಶೇಕಡಾ 74. ಗಡಾಯಿಕಲ್ಲಿನ ಎಚ್ಚರಿಕೆ ಇಲ್ಲಿಗೂ ಸ್ವಲ್ಪ ಸಲ್ಲುತ್ತದೆ. ಬಿಡಲಾಗದವರು ಬೇರೆ ರೀತಿಯಲ್ಲೂ ದುರ್ಬಲರಿದ್ದಾರು. ಆದರೂ ಕ್ಯಾನ್ಸರು ಬಂದೇ ಬಿಟ್ಟಿತಲ್ಲ, ಇನ್ನು ಬಿಟ್ಟು ಏನು ಎನ್ನುವ ಅಜ್ಜಂದಿರಿಗೆ ನಾನು ಈ ಎರಡು ಅಂಕಿಗಳನ್ನು ಕಾಗದದಲ್ಲಿ ಬರೆದು ಕೊಡುತ್ತೇನೆ. ಕೆಲವರು ಅದನ್ನು ಬೀಡಿ ಕಟ್ಟಿನ ಜೊತೆಗೇ ಜೇಬಿಗೆ ಹಾಕಿಕೊಳ್ಳುತ್ತಾರೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ನ್ಯೂಯಾರ್ಕಿನ ಒಂದು ಆಸ್ಪತ್ರೆಯ ಅಧ್ಯಯನ. 2017ರಲ್ಲಿ ಅದರ ಫಲಿತಾಂಶ ಬಂತು. ರೋಗ ಹರಡಿ, ಕಿಮೊ ಪಡೆಯುತ್ತಿದ್ದ 766 ಜನ. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನವರು ನೋವು, ವಾಕರಿಕೆ, ಊಟ, ಉಸಿರು ಹೇಗಿದೆ ಎಂದು ತಾವೇ ಕಂಪ್ಯೂಟರಿನಲ್ಲಿ ತಿಳಿಸುವುದು. ಏನಾದರೂ ಹೆಚ್ಚಾದರೆ ನರ್ಸಿಗೆ ಸುದ್ದಿ ಹೋಗುವುದು. ಔಷಧದಲ್ಲಿ ಹೊಸತೇನೂ ಇಲ್ಲ. ಎಂದಿನ ಆರೈಕೆಯವರು ಬದುಕಿದ ಮಧ್ಯಮ ಅವಧಿ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 26 ತಿಂಗಳು. ಹೇಗಿದ್ದೀರಿ ಎಂದು ಕೇಳಿಸಿಕೊಂಡವರದು 31.2 ತಿಂಗಳು. ಐದು ತಿಂಗಳು! ಲಕ್ಷಗಟ್ಟಲೆ ಬೆಲೆಯ ಎಷ್ಟೋ ಔಷಧಗಳು ಅಷ್ಟನ್ನೂ ಕೊಡುವುದಿಲ್ಲ.

ಅದನ್ನು ಓದಿದ ಮೇಲೆ ನಾನು ಮತ್ತು ಒಬ್ಬ ನರ್ಸಕ್ಕ ಒಂದು ಏರ್ಪಾಡು ಮಾಡಿಕೊಂಡೆವು. ಮೂರನೆಯ ವಾರ ದಾಟಿದ ಪ್ರತಿ ರೋಗಿಗೆ ಸಂಜೆ ಒಂದು ಫೋನು. ಪ್ರಶ್ನೆಗಳು ನಾಲ್ಕೇ: ಇವತ್ತು ಏನು ಉಂಡಿರಿ? ನುಂಗಲು ಆಗುತ್ತದೆಯೇ? ನಾಳೆ ಜೊತೆಗೆ ಯಾರು ಬರುತ್ತಾರೆ? ಬಸ್ಸು ಯಾವುದು? ಬಾಯಿಹುಣ್ಣಿಗೆ ಮದ್ದು ಬೇಕಾದರೆ ಡಾಕ್ಟರಿಗೆ ಅಂದೇ ತಿಳಿಸುತ್ತೇವೆ. ಊಟ ಇಳಿಯದಿದ್ದರೆ ಮೂಗಿನ ನಳಿಗೆ ಹಾಕಿಸಿಕೊಳ್ಳಲು ಒಪ್ಪಿಸುತ್ತೇವೆ. ಅದಕ್ಕೆ ಎರಡು ಮೂರು ಸಂಜೆ ಬೇಕಾಗುತ್ತದೆ, ನಳಿಗೆ ಎಂದರೆ ಕೊನೆಗಾಲ ಎಂದು ಎಲ್ಲರೂ ತಿಳಿದಿರುತ್ತಾರೆ. ಇದರಿಂದ ಎಷ್ಟು ಜನ ಹೆಚ್ಚು ಬದುಕಿದರು ಎಂದು ನಾನು ಹೇಳಲಾರೆ. ಎರಡು ಗುಂಪು ಮಾಡಿ ಅಳೆದಿಲ್ಲ, ಆ ಮಾತು ಆಡುವ ಹಕ್ಕು ನನಗಿಲ್ಲ. ಹೊಸ ಫಾರಮಿನಲ್ಲಿ ಆ ನಾಲ್ಕು ಪ್ರಶ್ನೆಗಳಿಗೂ ಖಾನೆ ಹಾಕಿಸಿದ್ದೇನೆ, ಅಷ್ಟೆ. ಅಂಕಿಅಂಶದವರು "ಬಸ್ಸು ಎಂಬುದನ್ನು ಯಾವ ಅಳತೆಯಲ್ಲಿ ಬರೆಯಲಿ?" ಎಂದು ಕೇಳಿದರು. ಎಷ್ಟು ಗಂಟೆಗೆ ಮನೆ ಬಿಟ್ಟರು ಎಂದು ಬರೆಯಿರಿ ಎಂದೆ.

ಚಾರ್ಮಾಡಿ ಕಡೆಯ ಆ ಹೆಂಗಸು ಉಳಿದ ಹದಿನಾಲ್ಕು ಕರೆಂಟನ್ನು ಮುಗಿಸಿದರು. ಸ್ವರ ಸ್ವಲ್ಪ ಒಡೆದಿದೆ, ಬಾಯಿ ಒಣಗುತ್ತದೆ, ನೀರಿನ ಬಾಟಲಿ ಇಲ್ಲದೆ ಮಾತನಾಡಲಾರರು. ಕಳೆದ ವಾರ ಮುಂದಿನ ತಪಾಸಣೆಗೆ ದಿನ ಗೊತ್ತು ಮಾಡಲು ಫೋನು ಮಾಡಿದೆ. ದಿನಾಂಕ ಆಟಿಯಲ್ಲಿ ಬೀಳುತ್ತಿತ್ತು. ಬದಲಿಸಬೇಕೇ ಎಂದು ಕೇಳಿದೆ.

"ಆಟಿಗೇನು ಅಮ್ಮ, ಬರುತ್ತೇನೆ" ಎಂದರು. "ಸಂಕ ಮುಳುಗಿದರೆ ಮಾತ್ರ ಹಿಂದಿನ ದಿನವೇ ಫೋನು ಮಾಡುತ್ತೇನೆ. ಆ ಹೆಸರು ಬರೆಯಬೇಡಿ."

ನಮಸ್ಕಾರ.