ಪಟ್ಟಿಯಲ್ಲಿ ರಾಯಚೂರನ್ನೂ ಬರೆಯಿರಿ

ಬಳ್ಳಾರಿಯಿಂದ ಎಲ್ಲರಿಗೂ ನಮಸ್ಕಾರ. ಸಿಇಟಿ ರ‍್ಯಾಂಕ್ ಬಂದ ಕೂಡಲೇ ನಮ್ಮ ಓಣಿಯಲ್ಲಿ ಶುರುವಾಗುವ ಮಾತು ಒಂದೇ. ‘ಯುವಿಸಿಇ ಸಿಗುತ್ತಾ?’

ಆಸೆ ಸಹಜ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಎಂಜಿನಿಯರಿಂಗ್ ಕಾಲೇಜು ಅದು. ಈಗ ಅದೇ ಒಂದು ವಿಶ್ವವಿದ್ಯಾಲಯ. ಸರ್ಕಾರಿ ಸೀಟು, ಅದೂ ಬೆಂಗಳೂರಿನ ನಡುಮಧ್ಯೆ. ಇಡೀ ರಾಜ್ಯವೇ ಅಲ್ಲಿಗೆ ಮುಗಿಬೀಳುತ್ತದೆ.

ನಾನೂ ಮುಗಿಬಿದ್ದವಳೇ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವಾಗ, ಮೂರೇ ಮೂರು ಕಾಲೇಜು ಬರೆದಿದ್ದೆ, ಮೂರೂ ಬೆಂಗಳೂರಿನವು. ‘ಹಳ್ಳಿ ಕಡೆಯವು ಬರೆದರೆ ಅಲ್ಲೇ ಹಾಕಿಬಿಡ್ತಾರೆ’ ಎಂದು ಯಾರೋ ಹೇಳಿದ್ದರು. ನಂಬಿದೆ. ಸೀಟು ಬರಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತೆ. ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಗಿದ್ದು.

ಆ ಮಾತು ಶುದ್ಧ ಸುಳ್ಳು. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ನಿಮ್ಮ ರ‍್ಯಾಂಕಿಗೆ ಸಿಗುವುದಾದರೆ ಅದನ್ನೇ ಕೊಡುತ್ತದೆ. ಸಿಗದಿದ್ದರೆ ಮಾತ್ರ ಕೆಳಗಿಳಿಯುತ್ತದೆ. ಇಪ್ಪತ್ತನೆಯದಾಗಿ ರಾಯಚೂರು ಬರೆದರೆ ಮೊದಲನೆಯ ಯುವಿಸಿಇ ಕೈತಪ್ಪುವುದಿಲ್ಲ. ಸಿಕ್ಕ ಸೀಟು ಇಟ್ಟುಕೊಂಡು, ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವ ದಾರಿಯೂ ಇದೆ. ಅದು ಚಾಯ್ಸ್ 2.

ಹಾಗಾದರೆ ಕೆಳಗೆ ಏನು ಬರೆಯಬೇಕು? ರಾಯಚೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊಪ್ಪಳ ಜಿಲ್ಲೆಯ ತಳಕಲ್ಲಿನಲ್ಲಿದೆ, ಪಕ್ಕದ ಹೂವಿನಹಡಗಲಿಯಲ್ಲಿದೆ. ಅಲ್ಲಿ ಓದಿದರೂ ಸಿಗುವುದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಡಿಗ್ರಿಯೇ. ಬೆಂಗಳೂರಿನ ಎಷ್ಟೋ ದೊಡ್ಡ ಖಾಸಗಿ ಕಾಲೇಜುಗಳ ಡಿಗ್ರಿ ಮೇಲೂ ಇರುವುದು ಅದೇ ಹೆಸರು, ಅಲ್ವಾ? ಕ್ಯಾಂಪಸ್‌ಗೆ ಬರುವ ಕಂಪನಿಗಳು ಬೆಂಗಳೂರಿನಷ್ಟಿಲ್ಲ, ಅದು ನಿಜ. ಅದಕ್ಕೇ ಮೊದಲು ಹೋಗಿ ನೋಡಿ. ಲ್ಯಾಬ್ ನೋಡಿ. ಕೊನೆ ವರ್ಷದವರನ್ನು ಮಾತಾಡಿಸಿ.

ಬಿಎಸ್ಸಿ ಅಗ್ರಿ ಬೇಕೆನ್ನುವವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಒಂದನ್ನೇ ಜಪಿಸುತ್ತಾರೆ. ನಮ್ಮ ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ತೊಗರಿ, ಹತ್ತಿ, ತುಂಗಭದ್ರೆ ಕಾಲುವೆ ಕೆಳಗಿನ ಸವಳು ಭೂಮಿ: ನಮ್ಮಪ್ಪಂದಿರ ಹೊಲದ ಕಷ್ಟವೆಲ್ಲ ಅಲ್ಲಿ ಪಾಠ. ನನಗಂತೂ ಅದು ಎರಡನೇ ದರ್ಜೆ ಅನ್ನಿಸುವುದೇ ಇಲ್ಲ.

ಇನ್ನೊಂದು, ದಯವಿಟ್ಟು ಕಿವಿಗೊಟ್ಟು ಕೇಳಿ. ಸಂವಿಧಾನದ 371ಜೆ ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇಕಡಾ 70ರಷ್ಟು ಸೀಟು ಇಲ್ಲಿನ ಮಕ್ಕಳಿಗೆ ಮೀಸಲು. ಈ ಭಾಗದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8. ಬೆಂಗಳೂರಿನಲ್ಲಿ ಸಾಲದ ರ‍್ಯಾಂಕು ಇಲ್ಲಿ ಸಾಕಾಗುವುದು ಅದಕ್ಕೇ. ಆದರೆ ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಬೇಕು. ರ‍್ಯಾಂಕ್ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಎರಡನೇ ಪಿಯುಸಿಯಲ್ಲಿ ಇರುವಾಗಲೇ ಮಾಡಿಸಿಡಿ.

ಈ ವರ್ಷ ಅಕ್ಕನ ಮಗಳ ಸರದಿ. ನಿನ್ನೆ ರಾತ್ರಿ ಇಬ್ಬರೂ ಕೂತು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದೆವು. ಇಪ್ಪತ್ತಾರು ಕಾಲೇಜು. ಮೊದಲನೆಯದು ಯುವಿಸಿಇ. ಒಂಬತ್ತನೆಯದು ರಾಯಚೂರು. ಅದನ್ನು ಅಲ್ಲಿಟ್ಟವಳು ಅವಳೇ. ಶನಿವಾರ ಬಸ್ಸು ಹತ್ತಿ ನೋಡಿಕೊಂಡು ಬರುತ್ತೇವೆ.