ಐರ್ಲೆಂಡಿನ ಮುತ್ತಾತನನ್ನು ಹುಡುಕುವ ಬಗೆ

ಕೇಳುಗರೇ, ನಮಸ್ಕಾರ.

ಬ್ರಿಟಿಷ್ ಪಲ್ಟಣಗಳ ಜೊತೆ ಬೆಂಗಳೂರು ದಂಡಿಗೆ ಬಂದವರಲ್ಲಿ ಐರ್ಲೆಂಡಿನವರೂ ಇದ್ದರು. ಕೆಲವರು ಇಲ್ಲೇ ಮದುವೆಯಾಗಿ ನೆಲೆ ನಿಂತರು. ಅಂಥ ಮನೆತನದವರು ಮುತ್ತಾತನ ಮೂಲ ಹುಡುಕಲು ಬರಿಯ ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಜಾನ್ ರಯಾನ್ ಎಂಬ ಹೆಸರಿನವರು ಅಲ್ಲಿ ಲೆಕ್ಕವಿಲ್ಲದಷ್ಟು. ಮೊದಲು ಗೊತ್ತಾಗಬೇಕಾದ್ದು ಊರು. ಅದು ಸಿಗುವುದು ಅವನು ನಾಡು ಬಿಟ್ಟ ಮೇಲೆ ಹುಟ್ಟಿದ ಕಾಗದಗಳಲ್ಲಿ.

ಇಲ್ಲಿನ ಇಗರ್ಜಿಗಳ ಮದುವೆ, ಜ್ಞಾನಸ್ನಾನದ ನಕಲುಗಳು ಮದ್ರಾಸ್ ಪ್ರಾಂತ್ಯದ ಸಂಪುಟಗಳಲ್ಲಿ ಸೇರಿ ಲಂಡನ್ನಿಗೆ ಹೋದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕ್ಯಾಥೊಲಿಕರ ದಾಖಲೆ ಅಲ್ಲಿ ಪೂರ್ತಿ ಇಲ್ಲ, ಹಾಗಾಗಿ ಇಗರ್ಜಿಯ ಮೂಲ ರಿಜಿಸ್ಟರನ್ನೂ ಕೇಳಿ ನೋಡಿ. ಪಲ್ಟಣ ಯಾವುದೆಂದು ತಿಳಿದರೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯು.ಓ. 97 ಎಂಬ ಕಟ್ಟು, ಅಂದರೆ ಬ್ರಿಟಿಷ್ ಯುದ್ಧ ಕಚೇರಿಯ (ವಾರ್ ಆಫೀಸ್) ಸೇವಾ ಕಾಗದಗಳ ಕಟ್ಟು, ತೆರೆಯಿರಿ. ಬ್ರಿಟಿಷ್ ಸೈನ್ಯದಿಂದ ಬಿಡುಗಡೆಯಾದ ಸಿಪಾಯಿಯ ಪ್ಯಾರಿಷ್ (ಒಂದು ಇಗರ್ಜಿಯ ವ್ಯಾಪ್ತಿಯ ಪ್ರದೇಶ), ಹತ್ತಿರದ ಪಟ್ಟಣ, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ವಯಸ್ಸು, ಕಸುಬು ಅಲ್ಲಿರುತ್ತವೆ. ಆದರೆ 1883ಕ್ಕಿಂತ ಹಿಂದಿನವು ಪಿಂಚಣಿ ಪಡೆದವರ ಕಾಗದಗಳು ಮಾತ್ರ. ಸೇವೆಯಲ್ಲಿದ್ದಾಗಲೇ ತೀರಿಕೊಂಡವನಿಗೆ ಪಲ್ಟಣದ ಹಾಜರಿ ಪುಸ್ತಕವೇ ಗತಿ.

ಈಗ ಐರ್ಲೆಂಡಿಗೆ ಬರೋಣ. 1922ರ ಜೂನ್ 30ರಂದು ಡಬ್ಲಿನ್ನಿನಲ್ಲಿ ಸರ್ಕಾರಿ ಪತ್ರಾಗಾರವಿದ್ದ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಕಟ್ಟಡ ಹೊತ್ತಿ ಉರಿದಾಗ 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಬೂದಿಯಾಯಿತು. ಮುಂದಿನ ನಾಲ್ಕು ಜನಗಣತಿಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಮಾಡಿತ್ತು. ಇಡಿಯಾಗಿ ಉಳಿದವು 1901 ಮತ್ತು 1911ರವು. ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಎಲ್ಲವೂ ಸುಟ್ಟುಹೋಯಿತು ಎಂದು ಕೈಬಿಡುವವರೇ ಹೆಚ್ಚು, ಅದು ತಪ್ಪು. ಕ್ಯಾಥೊಲಿಕ್ ಇಗರ್ಜಿಗಳ ಪುಸ್ತಕಗಳು ಆಯಾ ಊರುಗಳಲ್ಲೇ ಇದ್ದುದರಿಂದ ಉಳಿದವು. ಅವುಗಳಲ್ಲಿ ಹೆಸರು ಲ್ಯಾಟಿನ್ನಿನಲ್ಲಿರಬಹುದು: ಜೇಮ್ಸ್ ಅಲ್ಲಿ ಜಾಕೋಬಸ್, ವಿಲಿಯಂ ಗುಲಿಯೆಲ್ಮಸ್. ಮನೆಹೆಸರಿನ ಮುಂದಿನ ಓ, ಮ್ಯಾಕ್ ಒಮ್ಮೆ ಇರುತ್ತವೆ, ಒಮ್ಮೆ ಇರುವುದಿಲ್ಲ. ಎರಡನ್ನೂ ಹುಡುಕಿ.

ತಾರೀಖನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಲ್ಲರ ಜನನ ನೋಂದಣಿ ಶುರುವಾದದ್ದು 1864ರಲ್ಲಿ. ತಡಮಾಡಿದರೆ ದಂಡ ಬೀಳುತ್ತಿದ್ದುದರಿಂದ ಹೆತ್ತವರು ಹುಟ್ಟಿದ ದಿನವನ್ನೇ ಮುಂದಕ್ಕೆ ಹಾಕಿ ಬರೆಸುತ್ತಿದ್ದರು. ಹೀಗಾಗಿ ಜ್ಞಾನಸ್ನಾನದ ತಾರೀಖು ಜನನಕ್ಕಿಂತ ಹಿಂದಿನದಾಗಿದ್ದರೂ ಮಗು ಅದೇ ಇರಬಹುದು. 1909ರಲ್ಲಿ 70 ದಾಟಿದವರಿಗೆ ಪಿಂಚಣಿ ಬಂದ ಮೇಲೆ 1901ರಿಂದ 1911ರ ಜನಗಣತಿಗೆ ಬರುವಷ್ಟರಲ್ಲಿ ಎಷ್ಟೋ ಜನರ ವಯಸ್ಸು ಹತ್ತು ವರ್ಷಕ್ಕಿಂತ ಹೆಚ್ಚು ಏರಿದೆ.

ಊರು ಸಿಕ್ಕಮೇಲೆ, ತೆರಿಗೆಗಾಗಿ ಐರ್ಲೆಂಡಿನ ಜಮೀನು, ಮನೆಗಳ ಬೆಲೆ ಕಟ್ಟಿದ ಗ್ರಿಫಿತ್ ಮೌಲ್ಯಮಾಪನ ನೋಡಿ. 1847ರಿಂದ 1864ರೊಳಗೆ ಪ್ರಕಟವಾದ ಈ ಪಟ್ಟಿಯಲ್ಲಿ ಟೌನ್‌ಲ್ಯಾಂಡ್ ಎಂಬ ಅತಿ ಚಿಕ್ಕ ನೆಲಘಟಕದ ಪ್ರಕಾರ ಒಕ್ಕಲುಗಳ ಹೆಸರಿದೆ. ಒಂದೇ ಹೆಸರಿನ ಇಬ್ಬರಿದ್ದರೆ ಪಕ್ಕದಲ್ಲಿ ತಂದೆಯ ಹೆಸರು ಸೇರಿಸಿರುವುದುಂಟು; ಆ ಒಂದು ಪದ ಒಂದು ತಲೆಮಾರನ್ನೇ ಕೊಡುತ್ತದೆ. ಮುಂದಿನ ವರ್ಷಗಳ ಬದಲಾವಣೆಗಳನ್ನು ಬರೆದಿಟ್ಟ ಇದರ ತಿದ್ದುಪಡಿ ಪುಸ್ತಕಗಳು ಇದಕ್ಕಿಂತಲೂ ಬೆಲೆಬಾಳುವಂಥವು. ಹಳೆಯ ಒಕ್ಕಲಿನ ಹೆಸರು ಹೊಡೆದು, ಬೇರೆ ಬಣ್ಣದ ಶಾಯಿಯಲ್ಲಿ ಹೊಸಬನ ಹೆಸರು ಬರೆದು, ಪಕ್ಕದಲ್ಲಿ ವರ್ಷ ಹಾಕಿರುತ್ತಾರೆ. ಆ ವರ್ಷದ ಆಸುಪಾಸಿನಲ್ಲಿ ಸಾವೋ ವಲಸೆಯೋ ಆಗಿರುವ ಸಂಭವ ಹೆಚ್ಚು, ಮರಣ ನೋಂದಣಿಯನ್ನು ಅಲ್ಲಿಂದ ಹುಡುಕಿ. ಹೊಸ ಹೆಸರಿಗೂ ಅದೇ ಮನೆಹೆಸರಿದ್ದರೆ ಅವನನ್ನು 1901ರ ಜನಗಣತಿಯಲ್ಲಿ ನೋಡಿ. ಊರಲ್ಲೇ ಉಳಿದ ತಮ್ಮನೋ ತಮ್ಮನ ಮಗನೋ ಆಗಿರಬಹುದು.

ನಮಸ್ಕಾರ.