ಗಾಯ ಒಣಗಿತಾ?

ಕೇಳುಗರಿಗೆ ನಮಸ್ಕಾರ. ಒಲೆಯ ಮೇಲೆ ಹಾಲಿಟ್ಟು ನಿಂತವರು, ಕತ್ತಿ ಮಸೆದುಕೊಂಡು ತೋಟಕ್ಕೆ ಹೊರಟವರು, ಏಳದ ಮಕ್ಕಳನ್ನು ಎಬ್ಬಿಸಲು ಕೂಗುತ್ತಿರುವವರು, ನಿಮ್ಮನ್ನೆಲ್ಲ ಕಣ್ಣಮುಂದೆ ಇಟ್ಟುಕೊಂಡೇ ಈ ಮೈಕಿನ ಎದುರು ಕೂತಿದ್ದೇನೆ. ನಿಲಯದವರು ಬರೆದು ಕಳಿಸಿದ ವಿಷಯ ದೊಡ್ಡದು: ಚರ್ಮ, ಗಾಯ, ಕಲೆ, ಪ್ರಯೋಗಾಲಯದ ಸಂಶೋಧನೆ. ಕೊಟ್ಟ ಸಮಯ ಹತ್ತು ನಿಮಿಷ. ಹಾಗಾಗಿ ಒಂದೇ ಮಾತು ಹೇಳಿಬಿಡುತ್ತೇನೆ. ಗಾಯವನ್ನು ಒಣಗಿಸಬೇಡಿ. ತೊಳೆಯಿರಿ, ಪಸೆ ಆರದ ಹಾಗೆ ಮುಚ್ಚಿಡಿ.

ನಿಮ್ಮಲ್ಲಿ ಅರ್ಧ ಜನ ಈಗ ಹುಬ್ಬೇರಿಸಿರುತ್ತೀರಿ. ನಮ್ಮ ಮಾತೂ ನಿಮ್ಮ ಪಕ್ಷವೇ. ಪೆಟ್ಟು ಬಿದ್ದವರನ್ನು ವಾರ ಬಿಟ್ಟು ಕಂಡರೆ ಏನು ಕೇಳುತ್ತೇವೆ? ‘ಗಾಯ ಒಣಗಿತಾ?’ ಆದರೆ ಹಳಬರ ಬಾಯಲ್ಲಿ ಇನ್ನೊಂದು ಮಾತಿದೆ, ‘ಗಾಯ ಮಾಯ್ತಾ?’ ನನ್ನ ಮತ ಈ ಎರಡನೆಯದಕ್ಕೆ. ಒಣಗುವುದು ಹಪ್ಪಳದ ಕೆಲಸ. ಗಾಯ ಮಾಯಬೇಕು.

ನಾನು ಮಲೆನಾಡಿನವಳು. ಏಳೆಂಟು ವರ್ಷದವಳಿದ್ದಾಗ ಅಂಗಳದಲ್ಲಿ ಓಡುವಾಗ ಜಾರಿ ಎಡಮೊಣಕಾಲು ಚೆನ್ನಾಗಿ ತರಚಿಕೊಂಡೆ. ಅಜ್ಜಿ ಒಳಗಿಂದ ಕಾಫಿಪುಡಿ ತಂದು ಮೆತ್ತಿದಳು. ‘ಕೂಸೇ, ಮುಚ್ಚಡ, ಗಾಳಿ ಆಡ್ಲಿ’ ಅಂದಳು. ಹಕ್ಕಳೆ ಕಟ್ಟಿತು. ಶಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಅದು ಬಿರುಕು ಬಿಟ್ಟು ರಕ್ತ. ಮತ್ತೆ ಹಕ್ಕಳೆ. ಅದನ್ನು ನಾನು ಉಗುರಿನಿಂದ ಎಬ್ಬಿಸುವುದು, ಮತ್ತೆ ರಕ್ತ. ಅರ್ಧ ಮಳೆಗಾಲ ಹೀಗೇ ಹೋಯಿತು. ಕೊನೆಗೆ ಎಂಟಾಣೆ ನಾಣ್ಯದಷ್ಟು ದೊಡ್ಡ ಕಲೆ ಉಳಿಯಿತು, ಇವತ್ತಿಗೂ ಇದೆ. ಅಜ್ಜಿಯ ಮೇಲೆ ನನಗೆ ದೂರಿಲ್ಲ. ಆ ಕಾಲಕ್ಕೆ ಎಷ್ಟೋ ಡಾಕ್ಟರುಗಳೂ ಅದನ್ನೇ ಹೇಳುತ್ತಿದ್ದರು. ದೂರು ಇರುವುದು ಈಗಲೂ ಅದನ್ನೇ ಹೇಳುವವರ ಮೇಲೆ. ಯಾಕೆಂದರೆ ಉತ್ತರ ಬಂದು ಅರವತ್ತು ವರ್ಷ ದಾಟಿದೆ.

ಇಲ್ಲಿಗೆ ಹಂದಿಯ ಕಥೆ ಬಂತು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಇದನ್ನು ಹೇಳುತ್ತೇನೆ. ಹಳೆಯ ವಿದ್ಯಾರ್ಥಿಗಳು ಹೊತ್ತು ನೋಡಿ ಎದ್ದುಹೋಗುತ್ತಾರೆ. ನೀವು ದಯವಿಟ್ಟು ಕೂತಿರಿ.

ಇಂಗ್ಲೆಂಡಿನಲ್ಲಿ ಜಾರ್ಜ್ ವಿಂಟರ್ ಅಂತ ಒಬ್ಬ ಸಂಶೋಧಕರಿದ್ದರು. ಅವರು ಎಳೆಯ ಹಂದಿಗಳ ಬೆನ್ನಿನ ಮೇಲೆ ಆಳವಿಲ್ಲದ ಗಾಯಗಳನ್ನು ಮಾಡಿದರು. ಹಂದಿಯೇ ಯಾಕೆ ಅಂದರೆ, ಅದರ ಚರ್ಮ ನಮ್ಮದರಂತೆ ದಪ್ಪ, ಮೈಗೆ ಬಿಗಿಯಾಗಿ ಕೂತಿರುತ್ತದೆ. ಇಲಿಯದು ಸಡಿಲ ಅಂಗಿಯ ಹಾಗೆ. ಇಲಿಗೆ ಗಾಯವಾದರೆ ಚೀಲದ ಬಾಯಿಗೆ ದಾರ ಎಳೆದಂತೆ ಚರ್ಮ ಸುತ್ತಲಿಂದ ಮುದುರಿ ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಹೊಸ ಚರ್ಮ ಅಂಚಿನಿಂದ ಹಬ್ಬಿ ಬಂದು ಮುಚ್ಚಬೇಕು, ಹಂದಿಯಲ್ಲೂ ಹಾಗೇ. ಇಲಿಯ ಮೇಲೆ ಪ್ರಯೋಗ ಮಾಡುವಾಗ ಗಾಯದ ಸುತ್ತ ಸಿಲಿಕೋನ್ ಉಂಗುರ ಇಟ್ಟು ಹೊಲಿಯುತ್ತೇವೆ, ಚರ್ಮ ಮುದುರದಿರಲಿ ಅಂತ.

ವಿಂಟರ್ ಏನು ಮಾಡಿದರು? ಕೆಲವು ಗಾಯಗಳನ್ನು ನನ್ನ ಅಜ್ಜಿ ಹೇಳಿದ ಹಾಗೆ ಗಾಳಿಗೆ ಬಿಟ್ಟರು. ಅವು ಹಕ್ಕಳೆ ಕಟ್ಟಿದವು. ಇನ್ನು ಕೆಲವಕ್ಕೆ ಪಾಲಿಥೀನ್ ಹಾಳೆ ಹೊದಿಸಿದರು. ಔಷಧಿಯಿಲ್ಲ, ಮುಲಾಮಿಲ್ಲ, ಬರೀ ಪ್ಲಾಸ್ಟಿಕ್ಕು. ಅದರಡಿಯಲ್ಲಿ ಗಾಯ ತನ್ನದೇ ನೀರಿನಲ್ಲಿ ಒದ್ದೆಯಾಗಿ ಉಳಿಯಿತು. ಆಮೇಲೆ ಆಗಾಗ ಒಂದೊಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೋದರು. ಮುಚ್ಚಿಟ್ಟ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತ್ತು. ಎರಡು ಪಟ್ಟು! 1962ರಲ್ಲಿ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮರುವರ್ಷವೇ ಬೇರೆ ಸಂಶೋಧಕರು ಮನುಷ್ಯರ ಮೇಲೆ ನೋಡಿದರು, ಅದೇ ಉತ್ತರ.

ಕಾರಣ ಕೇಳಿ. ಮಳೆಗಾಲದಲ್ಲಿ ಬಚ್ಚಲಿನ ಗೋಡೆಯ ಮೇಲೆ ಬಸವನಹುಳು ಹೇಗೆ ಸಲೀಸಾಗಿ ಜಾರುತ್ತ ಹೋಗುತ್ತದೆ, ನೋಡಿದ್ದೀರಲ್ಲ? ಚೈತ್ರದ ಬಿಸಿಲಲ್ಲಿ ಅದೇ ಹುಳು ಎಲ್ಲೋ ಅಂಟಿಕೊಂಡು ಚಿಪ್ಪಿನೊಳಗೆ ಸೇರಿರುತ್ತದೆ. ಚರ್ಮದ ಕೋಶಗಳೂ ಹಾಗೇ ತೆವಳುವ ಜೀವಗಳು. ಪಸೆ ಇದ್ದರೆ ಗಾಯದ ಅಂಚಿನಿಂದ, ಕೂದಲಿನ ಬುಡದಿಂದ ಹೊರಟು ಮೇಲ್ಮೈಯಲ್ಲೇ ಜಾರಿ ಬರುತ್ತವೆ. ಹಕ್ಕಳೆ ಕಟ್ಟಿದ್ದರೆ ಅದರಡಿಗೆ ನುಗ್ಗಿ, ಒಣಗಿ ಸತ್ತದ್ದನ್ನೆಲ್ಲ ಕರಗಿಸಿ ದಾರಿ ಮಾಡಿಕೊಳ್ಳಬೇಕು. ಹಕ್ಕಳೆ ಕಂಡರೆ ನಮಗೆ ಖುಷಿ. ಕೋಶಕ್ಕೆ ಅದು ದಾರಿಗೆ ಅಡ್ಡ ಬಿದ್ದ ಮರ.

ಇದನ್ನು ನಾನು ಓದಿ ಕಲಿತದ್ದಕ್ಕಿಂತ ಕೆಡಿಸಿ ಕಲಿತದ್ದು ಹೆಚ್ಚು. ನಮ್ಮ ಕೆಲಸದಲ್ಲಿ ಪ್ಲಾಸ್ಟಿಕ್ ತಟ್ಟೆಯೊಳಗೆ ಚರ್ಮದ ಕೋಶ ಬೆಳೆಸುತ್ತೇವೆ. ಅದರ ಮೇಲೆ ಗುಲಾಬಿ ಶರಬತ್ತಿನ ಬಣ್ಣದ ಪೋಷಕದ್ರವ, ಮೈಯಷ್ಟೇ ಬಿಸಿ, 37 ಡಿಗ್ರಿ. ತಟ್ಟೆ ತುಂಬಿದ ಮೇಲೆ ದ್ರವ ಅಳೆದು ಹಾಕುವ ಪಿಪೆಟ್ಟಿನ ಹಳದಿ ತುದಿಯಿಂದ ನಡುವೆ ಒಂದು ಗೀಟು ಎಳೆಯುತ್ತೇವೆ. ಅದೇ ಗಾಯ. ರಾತ್ರಿ ಕಳೆದು ನೋಡಿದರೆ ಎರಡೂ ದಡದಿಂದ ಕೋಶಗಳು ಕೈಚಾಚಿಕೊಂಡು ನಡುವಿಗೆ ಬಂದಿರುತ್ತವೆ. ಪಿಎಚ್.ಡಿ. ಮಾಡುವಾಗ ಒಂದು ದಿನ ಹಳೆಯ ದ್ರವ ಹೀರಿ ತೆಗೆದೆ, ಹೊಸದು ಹಾಕುವ ಮೊದಲು ಯಾರೋ ಕರೆದರು ಅಂತ ಹೋದೆ. ಮಾತಿಗೆ ನಿಂತೆ. ವಾಪಸು ಬಂದು ನೋಡಿದರೆ ಮೂರು ವಾರದ ಕೆಲಸ ಬಿಸಿಲಿಗೆ ಹಾಕಿದ ಸಂಡಿಗೆಯಂತೆ ಸುರುಟಿಕೊಂಡಿತ್ತು. ಒಂದು ಕೋಶವೂ ಉಳಿದಿರಲಿಲ್ಲ. ಆ ದಿನ ನನ್ನ ಮೊಣಕಾಲು ನೆನಪಾಯಿತು.

‘ಮುಚ್ಚಿದರೆ ಕೀವಾಗುವುದಿಲ್ಲವೇ?’ ಹೋದ ಕಡೆಯೆಲ್ಲ ಇದೇ ಪ್ರಶ್ನೆ. ತೊಳೆಯದೆ ಮುಚ್ಚಿದರೆ ಆಗುತ್ತದೆ. ತೊಳೆಯಿರಿ ಎಂದು ಮೊದಲೇ ಹೇಳಿದೆನಲ್ಲ! ಹರಿಯುವ ಶುದ್ಧ ನೀರು ಸಾಕು. ತಿಳಿಯಾಗಿ ಒಸರುವ ನೀರು ಕೀವಲ್ಲ, ಅದು ಗಾಯದ ಊಟ. ಸಣ್ಣ ತರಚುಗಾಯಕ್ಕೆ ತೆಳ್ಳಗೆ ವ್ಯಾಸಲೀನ್ ಸವರಿ, ಶುಭ್ರವಾದ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸಿ. ಆಳದ ಗಾಯ, ನಾಯಿ ಕಚ್ಚಿದ್ದು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಇವಕ್ಕೆ ನನ್ನ ಮಾತು ಕೇಳುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಅರಿಸಿನದ ಬಗ್ಗೆ ಕೇಳುವವರಿದ್ದಾರೆ. ಗಾಯಕ್ಕೆ ಅರಿಸಿನ ಹಾಕುವುದರ ಮೇಲೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಒಳ್ಳೆಯದೇ ಆಯಿತು. ಆದರೆ ನಾವು ಗೆದ್ದದ್ದು ‘ಇದು ಹೊಸದಲ್ಲ’ ಎಂಬ ವಾದ. ಡಬ್ಬಿಯ ಪುಡಿಯನ್ನು ಹಸಿ ಗಾಯಕ್ಕೆ ತುಂಬಿ ಎಂದು ಅದರಲ್ಲಿ ಯಾರೂ ಹೇಳಿಲ್ಲ. ಕಾಫಿಪುಡಿಯ ಪರವಾಗಿಯಂತೂ ಯಾರೂ ವಾದಿಸಲಿಲ್ಲ.

ನಮ್ಮ ಹಿತ್ತಲಿನದೇ ಬೇಕು ಅನ್ನುವವರಿಗೆ ಬಾಳೆಎಲೆ ಇದೆ. ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಡಾಕ್ಟರ್ ಮಾಧುರಿ ಗೋರೆ ಅವರು ಸುಟ್ಟಗಾಯಕ್ಕೆ ಬಾಳೆಎಲೆಯ ಪಟ್ಟಿ ಕಟ್ಟಿ ಪರೀಕ್ಷಿಸಿದರು. ಎಲೆಯನ್ನು ಬಟ್ಟೆಗೆ ಅಂಟಿಸಿ, ಆಟೋಕ್ಲೇವ್‌ನಲ್ಲಿ ಇಟ್ಟು ಕ್ರಿಮಿ ಕೊಂದು ಬಳಸುವ ಪಟ್ಟಿ ಅದು. ಅಗ್ಗ, ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ರೋಗಿ ಕಿರುಚುವುದಿಲ್ಲ. 2003ರಲ್ಲಿ ಅದರ ವರದಿ ಬಂತು. ಊಟದ ಎಲೆಯನ್ನು ಹಾಗೇ ಹರಿದು ಕಟ್ಟಬೇಡಿ ಮತ್ತೆ. ಕೆಲಸ ಮಾಡಿದ್ದು ಯಾವುದು? ಅದೇ, ಪಸೆ. ಎಲೆ ಅದನ್ನು ಆರಗೊಡಲಿಲ್ಲ.

ಬರೆದುಕೊಂಡು ಬಂದ ಹಾಳೆಗಳಲ್ಲಿ ಕಲೆಗೆ ಅರ್ಧ ಪುಟ ಉಳಿದಿದೆ. ತಪ್ಪು ಹಂದಿಯದು. ಕಲೆ ಎಂದರೆ ಅವಸರದ ರಿಪೇರಿ. ಮಾಮೂಲಿ ಚರ್ಮದಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಬುಟ್ಟಿ ಹೆಣೆದಂತೆ ಇರುತ್ತವೆ. ಕಲೆಯಲ್ಲಿ ಸೌದೆ ಜೋಡಿಸಿದಂತೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅಲ್ಲಿ ಕೂದಲಿಲ್ಲ, ಬೆವರಿಲ್ಲ. ಬಲ ಎಷ್ಟೇ ಬಂದರೂ ಮೊದಲಿನದರ ನೂರಕ್ಕೆ 80ರಷ್ಟು. ಬಸಿರಿನ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಗಾಯವಾದರೆ ಕಲೆಯಿಲ್ಲದೆ ಮಾಯುತ್ತದೆ. ಆಫ್ರಿಕದಲ್ಲಿ ಮುಳ್ಳುಗೂದಲಿನ ಒಂದು ಇಲಿ ಇದೆ. ಹಿಡಿದರೆ ಬೆನ್ನಿನ ಚರ್ಮವನ್ನೇ ಕಳಚಿ ಕೊಟ್ಟು ಓಡುತ್ತದೆ, ಆಮೇಲೆ ಕೂದಲ ಸಮೇತ ಮತ್ತೆ ಬೆಳೆಸಿಕೊಳ್ಳುತ್ತದೆ. ಅದು ಜಗತ್ತಿಗೆ ಗೊತ್ತಾದದ್ದು 2012ರಲ್ಲಿ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕಣ್ಣಿನ ಕಾಯಿಲೆಗೆಂದು ಇದ್ದ ಒಂದು ಔಷಧಿಯನ್ನು ಇಲಿಗಳ ಗಾಯಕ್ಕೆ ಕೊಟ್ಟಾಗ ಕೂದಲಿರುವ ಚರ್ಮವೇ ವಾಪಸು ಬಂತು. ಈ ಒಂದು ವಿಷಯಕ್ಕೇ ಇನ್ನೊಂದು ಹತ್ತು ನಿಮಿಷ ಬೇಕಿತ್ತು.

ಕಿವಿ ಚುಚ್ಚಿದಲ್ಲಿ ಗೋಲಿಯಂತೆ ಬೆಳೆಯುವ ಕೀಲಾಯ್ಡ್ ಬಗ್ಗೆ ಹೇಳಲು ಆಗಲಿಲ್ಲ. ಅದನ್ನು ಬ್ಲೇಡಿನಿಂದ ಕೊಯ್ಯಲು ಹೋಗಬೇಡಿ, ಇನ್ನೂ ದೊಡ್ಡದಾಗಿ ಬರುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ.

ಅಡುಗೆಮನೆಯವರಿಗೆ ಒಂದು ಮಾತು ಬಾಕಿ. ಕೈ ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಎರಡು ನಿಮಿಷವಲ್ಲ, ಇಪ್ಪತ್ತು, ಗಡಿಯಾರ ನೋಡಿ. ಪೇಸ್ಟು, ಶಾಯಿ, ದೋಸೆಹಿಟ್ಟು ಯಾವುದೂ ಬೇಡ. ಬೊಬ್ಬೆ ಎದ್ದರೆ ಒಡೆಯಬೇಡಿ, ಅದು ಗಾಯ ತಾನೇ ಕಟ್ಟಿಕೊಂಡ ಪಟ್ಟಿ, ಒಳಗೆ ಪಸೆ ಇರುತ್ತದೆ. ಆಗ ಒಲೆಯ ಮೇಲೆ ಹಾಲಿಟ್ಟವರು ಒಮ್ಮೆ ನೋಡಿಕೊಳ್ಳಿ, ಉಕ್ಕಿರಬಹುದು. ನಮಸ್ಕಾರ.